ಒಂದು ಕ್ರೆಡಿಟ್ ಕಡಿಮೆ

ವಿಂಟರ್‌ಬೋರ್ನ್ ಕಾಲೇಜು, ಅಯೋವಾ
೨ ಫೆಬ್ರವರಿ ೧೯೮೮

ಪ್ರೀತಿಯ ಅಪ್ಪ,

ನಿಂತಿದ್ದರೆ ಮೊದಲು ಕುಳಿತುಕೋ. ನಮ್ಮ ಎಂಟು ಕಾಲೇಜುಗಳ ಅಥ್ಲೆಟಿಕ್ಸ್ ಕೂಟ ಈ ಸಲ ಎಲ್ಲಿ ನಡೆಯುತ್ತದೆ ಗೊತ್ತಾ? ಆಲ್ಡರ್ ಫಾಲ್ಸ್‌ನಲ್ಲಿ! ನಮ್ಮ ಮನೆಯಿಂದ ನಲವತ್ತೇ ಮೈಲಿ. ಮೇ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ ಹೆಂಗಸರ ಗುಂಡು ಎಸೆತ. ಕೋಚ್ ಮಕ್‌ಕ್ರೀ ಗೋಡೆಗೆ ಪಟ್ಟಿ ಅಂಟಿಸಿದಾಗ ನಾನು ಕಿರುಚಿಕೊಂಡ ರಭಸಕ್ಕೆ ಪಕ್ಕದ ಈಜುಕೊಳದಿಂದ ಒಬ್ಬಳು ನೀರು ಸುರಿಸಿಕೊಂಡೇ ಓಡಿ ಬಂದಳು, ಯಾರಿಗೋ ಏನೋ ಆಯಿತೆಂದು.

ಇದು ಮೂರನೇ ವರ್ಷ ಅಪ್ಪ. ಹಿಮ ಕರಗಲೆಂದು ಹಾಸ್ಟೆಲ್ ಮೆಟ್ಟಿಲಿಗೆ ಹಾಕುವ ಉಪ್ಪಿನ ಮೂಟೆಗಳನ್ನು ಹೆಗಲಿಗೊಂದರಂತೆ ಹೊತ್ತುಕೊಂಡು ಹೋಗುತ್ತಿದ್ದ ನನ್ನನ್ನು ಕೋಚ್ ಹಿಡಿದು ನಿಲ್ಲಿಸಿ, ಕೈಗೆ ಗುಂಡು ಕೊಟ್ಟು ಮೂರನೇ ವರ್ಷ. ಅಷ್ಟೂ ದಿನ ನೀನು ಎಲ್ಲವನ್ನೂ ಕಾಗದದಲ್ಲೇ ಓದಿದೆ. ವಾರದಲ್ಲಿ ಐದು ದಿನ ಶಾಲೆಯ ಬಸ್ಸು, ಶನಿವಾರ ಶಾಲೆಯ ತಂಡಗಳ ಬಸ್ಸು. ಇಲ್ಲಿಗೆ ಬರಲು ಒಂಬತ್ತು ಗಂಟೆ ದಾರಿ. ನಾನು ಬಾ ಎನ್ನಲಿಲ್ಲ, ನೀನು ಬರುತ್ತೇನೆ ಎನ್ನಲಿಲ್ಲ. ಈ ಸಲ ಕರೆಯುತ್ತಿದ್ದೇನೆ. ಬಾ. ನೋಡು.

ಓದಿನ ವಿಚಾರ: ಈ ಅವಧಿಗೆ ಹದಿನೈದು ಕ್ರೆಡಿಟ್‌ನಷ್ಟು ಪಾಠ ತೆಗೆದುಕೊಂಡಿದ್ದೇನೆ. ಅದರಲ್ಲಿ ನಾಲ್ಕು ಅಂಗರಚನಾಶಾಸ್ತ್ರದ್ದು. ಫಿಸಿಯೋಥೆರಪಿ ಓದಬೇಕೆಂದರೆ ಅದಿಲ್ಲದೆ ಆಗುವುದಿಲ್ಲ. ಕಲಿಸುವವರು ಡಾಕ್ಟರ್ ಲುಯೆಲಾ ಪ್ರೆಂಟಿಸ್. ಅರವತ್ತು ದಾಟಿದವರು, ನಗುವುದನ್ನು ಯಾರೂ ಕಂಡಿಲ್ಲ. ಮಂಗಳವಾರ, ಗುರುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಅವರ ಲ್ಯಾಬು. ಮೂರಕ್ಕೆ ನಮ್ಮ ಅಭ್ಯಾಸ ಶುರು. ನಾನು ಒಬ್ಬಳೇ ಇರುವುದು, ಎರಡು ಕಡೆ ಹೇಗೆ ಇರುವುದೋ ನೋಡಬೇಕು.

ನಿನ್ನ ಮಗಳು,
ರಾಗ್ನಾ


ಹಾಲ್ಡಾಲ್, ಮಿನೆಸೋಟ
೯ ಫೆಬ್ರವರಿ

ಮುದ್ದು ರಾಗ್ನಾ,

ಕುಳಿತುಕೊಂಡೇ ಓದಿದೆ. ಓದಿ ಮುಗಿಸಿದ ಮೇಲೆ ಕುಳಿತಿರಲಾಗಲಿಲ್ಲ. ಕೋಟು ಹಾಕಿಕೊಂಡು ಅಂಚೆ ಕಚೇರಿಗೆ ಹೋದೆ. ವರ್ನಾಗೆ ಹೇಳಿದರೆ ಊರಿಗೆಲ್ಲ ಹೇಳಿದಂತೆ, ನಾನು ಮನೆಮನೆಗೆ ಹೋಗುವ ಕಷ್ಟ ತಪ್ಪಿತು. ಅವಳು ಠಸ್ಸೆ ಕೆಳಗಿಟ್ಟು, "ಆರ್ವಿಡ್, ನೀನೊಬ್ಬನೇ ಹೋದ್ರೆ ನಾವೇನ್ ಪಾಪ ಮಾಡಿದ್ವಿ?" ಎಂದಳು. ಸಂಜೆಯ ಹೊತ್ತಿಗೆ ಹದಿನೇಳು ಜನರ ಹೆಸರು ಬರೆದುಕೊಂಡಿದ್ದಳು.

ಹದಿನೇಳು ಜನರನ್ನು ನನ್ನ ಟ್ರಕ್ಕಿನ ಹಿಂದೆ ಹಂದಿಗಳ ಹಾಗೆ ತುಂಬಿಕೊಂಡು ಬರಲಾದೀತೇ? ಹೆಡ್‌ಮಾಸ್ತರರ ಬಳಿ ಹೋಗಿ ಶಾಲೆಯ ಬಸ್ಸು ಕೇಳಿದೆ. "ಶೈಕ್ಷಣಿಕ ಪ್ರವಾಸಕ್ಕಾದ್ರೆ ಮಾತ್ರ ಕೊಡಬಹುದು" ಎಂದರು. ಹಾಗಾದರೆ ಶೈಕ್ಷಣಿಕ ಪ್ರವಾಸ ಎಂದೇ ಅರ್ಜಿಯಲ್ಲಿ ಬರೆದೆ. ಉದ್ದೇಶ ಎಂಬ ಜಾಗದಲ್ಲಿ "ಕಲಿಕೆ" ಎಂದು ಬರೆದೆ. ಅವರು ನನ್ನ ಮುಖ ನೋಡಿದರು, ನಾನು ಕಿಟಕಿ ನೋಡಿದೆ, ಸಹಿ ಬಿತ್ತು.

ಇಪ್ಪತ್ತು ವರ್ಷ ಊರವರ ಮಕ್ಕಳ ಆಟಕ್ಕೆಲ್ಲ ಬಸ್ಸು ಓಡಿಸಿದ್ದೇನೆ. ಬಾಸ್ಕೆಟ್‌ಬಾಲು, ಕುಸ್ತಿ, ಬ್ಯಾಂಡು, ಎಲ್ಲ ನೋಡಿದ್ದೇನೆ. ನನ್ನ ಮಗಳು ಆ ಕಬ್ಬಿಣದ ಗುಂಡು ಎಸೆಯುವುದೊಂದನ್ನು ಬಿಟ್ಟು. ಅದೊಂದು ನೋಡಿಬಿಟ್ಟರೆ ಸಾಕು. ಫೋನಿನಲ್ಲಿ ನಿನ್ನ ದನಿ ಕೇಳಲಾರೆ, ಬಸ್ಸಿಗೆ ಮುಂಚೆ ದುಡಿದ ಗೋದಾಮಿನ ಯಂತ್ರಗಳು ನನ್ನ ಕಿವಿ ತಿಂದು ಮುಗಿಸಿವೆ. ಕಣ್ಣಂತೂ ಇನ್ನೂ ಚೆನ್ನಾಗಿಯೇ ಇದೆ.

ಅಂಗರಚನೆಯೋ ಏನೋ ಅದನ್ನು ಚೆನ್ನಾಗಿ ಓದು.

ಅಪ್ಪ


ವಿಂಟರ್‌ಬೋರ್ನ್
೧ ಮಾರ್ಚ್

ಪ್ರೀತಿಯ ಅಪ್ಪ,

ನಲವತ್ತಮೂರು ಅಡಿ! ನಿನ್ನೆ ಒಳಾಂಗಣದಲ್ಲಿ. ಹೋದ ವರ್ಷಕ್ಕಿಂತ ಎರಡು ಅಡಿ ಜಾಸ್ತಿ. ಕೋಚ್ ಟೇಪನ್ನು ಎರಡು ಸಲ ಹಿಡಿದು ನೋಡಿ, ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಅವರ ಮಟ್ಟಿಗೆ ಅದು ಕುಣಿದು ಕುಪ್ಪಳಿಸಿದಂತೆ.

ಇನ್ನೊಂದು ವಿಷಯ. ಅಂಗರಚನಾಶಾಸ್ತ್ರ ಬಿಟ್ಟುಬಿಟ್ಟೆ. ಮೊದಲ ಪರೀಕ್ಷೆಯಲ್ಲಿ ನೂರಕ್ಕೆ ಐವತ್ತೆರಡು ಬಂತು. ಲ್ಯಾಬಿನಿಂದ ಅರ್ಧಕ್ಕೇ ಎದ್ದು ಓಡುತ್ತಿದ್ದೆ, ಅಭ್ಯಾಸಕ್ಕೆ ತಡವಾಗಿ ಸೇರುತ್ತಿದ್ದೆ, ಎರಡು ಕಡೆಯೂ ಬೈಗುಳ. ಕೋಚ್ ಕೂರಿಸಿಕೊಂಡು ಬೆರಳು ಮಡಚಿ ಲೆಕ್ಕ ಹೇಳಿದರು. "ಹದಿನೈದರಲ್ಲಿ ನಾಲ್ಕು ಹೋದ್ರೆ ಹನ್ನೊಂದು. ತಂಡದಲ್ಲಿ ಇರೋದಕ್ಕೇ ಕಾಲೇಜು ಒಂದು ಕ್ರೆಡಿಟ್ ಕೊಡತ್ತಲ್ಲ, ಅದು ಸೇರಿ ಹನ್ನೆರಡು. ಹನ್ನೆರಡಿದ್ರೆ ಆಡೋದಕ್ಕೆ ಯಾರೂ ಅಡ್ಡಿ ಮಾಡಲ್ಲ. ಆ ಮೂಳೆಗಳು ಎಲ್ಲಿಗೂ ಓಡಿಹೋಗಲ್ಲ, ಮುಂದಿನ ವರ್ಷ ತಗೋ."

ಡಾಕ್ಟರ್ ಪ್ರೆಂಟಿಸ್ ಅವರ ಸಹಿ ಬೇಕಿತ್ತು. ಬೈಯುತ್ತಾರೆ ಎಂದುಕೊಂಡೇ ಹೋದೆ. ಬೈಯಲಿಲ್ಲ. ಸಹಿ ಹಾಕಿ, ಚೀಟಿ ಕೊಡುವ ಮುಂಚೆ, "ಭುಜದ ಮೂಳೆಗಳ ಪ್ರಶ್ನೆಗೆ ನಿನ್ನಷ್ಟು ಚೆನ್ನಾಗಿ ಯಾರೂ ಬರೆದಿರ್ಲಿಲ್ಲ. ಬೇರೆ ಪುಟಗಳನ್ನ ನೀನು ಓದೇ ಇರ್ಲಿಲ್ಲ, ಅಷ್ಟೇ" ಎಂದರು. ಬೈದಿದ್ದರೇ ಚೆನ್ನಾಗಿತ್ತು.

ಇರಲಿ. ಈಗ ಹಗುರಾಗಿದ್ದೇನೆ. ಊಟ ಸೇರುತ್ತಿದೆ, ನಿದ್ದೆ ಬರುತ್ತಿದೆ. ಮೇ ತಿಂಗಳು ಬರಲಿ ಎಂದು ಕಾಯುತ್ತಿದ್ದೇನೆ.

ರಾಗ್ನಾ


ಹಾಲ್ಡಾಲ್
೮ ಮಾರ್ಚ್

ಮುದ್ದು ರಾಗ್ನಾ,

ನಲವತ್ತಮೂರು ಅಡಿ ಎಂದರೆ ಎಷ್ಟೆಂದು ಅಂಗಳದಲ್ಲಿ ಅಳೆದು ನೋಡಿದೆ. ಅಡುಗೆಮನೆ ಬಾಗಿಲಿನಿಂದ ಶುರುಮಾಡಿ ಕೊಟ್ಟಿಗೆಯ ಗೋಡೆಯೊಳಗೆ ಹೋಗುತ್ತದೆ. ನೀನು ಮನೆಗೆ ಬಂದಾಗ ದಯವಿಟ್ಟು ಆ ದಿಕ್ಕಿಗೆ ಎಸೆಯಬೇಡ.

ಪಾಠ ಬಿಟ್ಟ ವಿಚಾರಕ್ಕೆ ನಾನೇನು ಹೇಳಲಿ? ನಾನು ಎಂಟನೇ ತರಗತಿಗೇ ಮುಗಿಸಿದವನು. ನಿನ್ನಮ್ಮ ಇದ್ದಿದ್ದರೆ ಕೇಳುತ್ತಿದ್ದಳು. ನಾನು ಕೇಳುವುದು ಒಂದೇ: ಬಿಟ್ಟ ಮೇಲೆ ಹಗುರಾಯಿತು ಎಂದು ಬರೆದ ನೀನು, ಆ ಮೇಷ್ಟ್ರಮ್ಮನ ಮಾತನ್ನು ಯಾಕೆ ಅಷ್ಟು ಬಿಡಿಸಿ ಬರೆದೆ? ಉತ್ತರ ಬರೆಯಬೇಕೆಂದೇನೂ ಇಲ್ಲ.

ಬಸ್ಸಿನ ಪಟ್ಟಿ ಇಪ್ಪತ್ನಾಲ್ಕಕ್ಕೆ ಏರಿದೆ. ಪಾಸ್ಟರು ಬರುತ್ತಾರಂತೆ. ವರ್ನಾ ಮಾಂಸ, ಆಲೂಗಡ್ಡೆ ಹಾಕಿ ಬೇಯಿಸುವ ತನ್ನ ಹಾಟ್‌ಡಿಶ್ ಮಾಡಿಕೊಂಡು ಬರುತ್ತಾಳೆ. ಹೆನ್ರಿಯೆಟ್ಟಾ ಮುದುಕಿ ಎಂಬತ್ತೊಂದನೇ ವಯಸ್ಸಿನಲ್ಲಿ ಇದಕ್ಕೆಂದೇ ಹೊಸ ಟೋಪಿ ಕೊಂಡಿದ್ದಾಳೆ.

ಅಪ್ಪ


ವಿಂಟರ್‌ಬೋರ್ನ್
೨೨ ಮಾರ್ಚ್

ಪ್ರೀತಿಯ ಅಪ್ಪ,

ಇಲ್ಲಿ ಹಿಮ ಕರಗುತ್ತಿದೆ. ಹಗಲು ಬಿಸಿಲು, ಬೆಳಗಿನ ಜಾವ ಚಳಿ. ಮೊನ್ನೆ ಮಳೆಯೂ ಸ್ವಲ್ಪ ಬಂತು. ಗಾಳಿ ಈ ವರ್ಷ ಜೋರು.

ನಾನು ಚೆನ್ನಾಗಿದ್ದೇನೆ. ಬಸ್ಸಿಗೆ ಇನ್ನು ಹೆಸರು ಸೇರಿಸಿಕೊಳ್ಳಬೇಡ ಎಂದು ವರ್ನಾಗೆ ಹೇಳು, ಅವಳಿಗೆ ಸುಮ್ಮನೆ ಕಷ್ಟ.

ರಾಗ್ನಾ


ಹಾಲ್ಡಾಲ್
೨೮ ಮಾರ್ಚ್

ರಾಗ್ನಾ,

ಹವಾಮಾನ ವರದಿ ತಲುಪಿತು. ನಿನ್ನಮ್ಮನೂ ಹೀಗೇ. ಮನಸ್ಸಿನಲ್ಲಿ ಏನಾದರೂ ಕೊರೆಯುತ್ತಿದ್ದರೆ ಮೋಡದ ಮಾತು ತೆಗೆಯುತ್ತಿದ್ದಳು. ನಮ್ಮ ಮದುವೆ ಗೊತ್ತಾಗುವ ಮುಂಚೆ ಆರು ತಿಂಗಳು ಅವಳು ನನಗೆ ಬರೀ ಗಾಳಿ, ಮಳೆ ಬರೆದಿದ್ದಳು.

ಒಂದೇ ಒಂದು ಅಡಿ, ಅಂಗುಲದ ಲೆಕ್ಕ ಇಲ್ಲದ ಕಾಗದ ಇದೇ ಮೊದಲು. ಕೈಗೆ ಪೆಟ್ಟಾಯಿತೇ? ಯಾವನಾದರೂ ಹುಡುಗ ಕಾಟ ಕೊಡುತ್ತಿದ್ದಾನೆಯೇ? ಏನಿದ್ದರೂ ಬರೆ. ನಾನು ಬೈಯುವವನಲ್ಲ ಎಂದು ನಿನಗೆ ಗೊತ್ತು. ಬೈದರೂ ಕಾಗದದಲ್ಲಿ ಕೇಳಿಸುವುದಿಲ್ಲ.

ಪಟ್ಟಿ ಮೂವತ್ತೊಂದು.

ಅಪ್ಪ


ವಿಂಟರ್‌ಬೋರ್ನ್
೨ ಏಪ್ರಿಲ್

ಅಪ್ಪ,

ನಾಳೆ ಈಸ್ಟರ್. ಎಲ್ಲರೂ ಮನೆಗೆ ಹೋಗಿದ್ದಾರೆ, ಹಾಸ್ಟೆಲ್ ಖಾಲಿ. ಇವತ್ತಾದರೂ ಬರೆಯುತ್ತೇನೆ.

ನನ್ನನ್ನು ತಂಡದಿಂದ ತೆಗೆದಿದ್ದಾರೆ. ಕೋಚ್ ತೆಗೆದಿದ್ದಲ್ಲ. ಮಾರ್ಚ್ ಹದಿನೆಂಟಕ್ಕೆ ಕಚೇರಿಯಿಂದ ಕರೆ ಬಂತು. ಆಟಗಾರರ ಓದಿನ ಲೆಕ್ಕ ನೋಡುವ ಹೆಂಗಸು ನನ್ನ ಕಡತ ತೆರೆದಿಟ್ಟು, "ನಿಂದು ಹನ್ನೊಂದು ಕ್ರೆಡಿಟ್ ಇದೆಯಲ್ಲಮ್ಮ" ಎಂದಳು. ತಂಡದ್ದು ಸೇರಿ ಹನ್ನೆರಡು ಎಂದೆ. "ತಂಡದ ಕ್ರೆಡಿಟ್ ಮೊದಲ ಎರಡು ವರ್ಷ ಮಾತ್ರ ಲೆಕ್ಕಕ್ಕೆ ಬರೋದು. ನೀನು ಮೂರನೇ ವರ್ಷದವಳು." ಹನ್ನೆರಡಕ್ಕೆ ಒಂದು ಕಡಿಮೆಯಾದರೂ ಆಡುವಂತಿಲ್ಲ, ತಂಡದ ಜೊತೆ ಅಭ್ಯಾಸ ಮಾಡುವಂತೆಯೂ ಇಲ್ಲ. ಕೋಚ್ ಹಾಸ್ಟೆಲ್ ಬಾಗಿಲಿಗೇ ಬಂದರು. "ತಪ್ಪು ನಂದು ಕಣಮ್ಮ. ಇಪ್ಪತ್ತೆರಡು ವರ್ಷದಿಂದ ಬೆರಳಲ್ಲಿ ಎಣಿಸ್ತಿದೀನಿ, ಪುಸ್ತಕ ತೆಗೆದು ನೋಡ್ಲೇ ಇಲ್ಲ" ಎಂದು ಟೋಪಿ ಹಿಸುಕುತ್ತಾ ನಿಂತರು. ಅವರನ್ನು ಸಮಾಧಾನ ಮಾಡಿ ಕಳಿಸುವ ಕೆಲಸವೂ ನನ್ನದೇ ಆಯಿತು.

ಅರ್ಧ ಅವಧಿ ಕಳೆದ ಮೇಲೆ ಹೊಸ ಪಾಠಕ್ಕೆ ಯಾರೂ ಸೇರಿಸಿಕೊಳ್ಳುವುದಿಲ್ಲ. ಒಂದೇ ದಾರಿ ಇದೆಯಂತೆ: ತಪ್ಪು ಸಲಹೆಯಿಂದ ಬಿಟ್ಟ ಪಾಠವನ್ನು ಬಿಟ್ಟೇ ಇಲ್ಲ ಎಂದು ಮಾಡಬಹುದು, ಅದನ್ನು ಕಲಿಸುವವರು ಒಪ್ಪಿದರೆ. ಅಂದರೆ ಡಾಕ್ಟರ್ ಪ್ರೆಂಟಿಸ್. ಯಾವ ಮುಖ ಹೊತ್ತುಕೊಂಡು ಅವರ ಬಳಿ ಹೋಗಲಿ? ಐದು ವಾರದ ಹಿಂದೆ ನಿಮ್ಮ ಪಾಠ ನನಗೆ ಭಾರ ಎಂದು ಬಂದವಳು, ಈಗ ಗುಂಡು ಎಸೆಯಬೇಕು, ಅದಕ್ಕೆ ನಿಮ್ಮ ಪಾಠ ಬೇಕು ಎನ್ನಲೇ? ಅವರ ಬಾಗಿಲವರೆಗೆ ಮೂರು ಸಲ ಹೋಗಿ ವಾಪಸು ಬಂದೆ.

ನೀನು ಬರುವ ಒಂದೇ ಒಂದು ಕೂಟ, ಅದನ್ನೂ ಹಾಳು ಮಾಡಿಕೊಂಡೆ. ವರ್ನಾಗೆ ಹೇಳಿಬಿಡು. ಹೆನ್ರಿಯೆಟ್ಟಾ ಅಜ್ಜಿಗೆ ನೀನೇ ಮೆತ್ತಗೆ ಹೇಳು.

ರಾಗ್ನಾ


ಹಾಲ್ಡಾಲ್
೬ ಏಪ್ರಿಲ್

ಮುದ್ದು ಮಗಳೇ,

ಎರಡು ವಾರ ಇದನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದೆಯಲ್ಲ, ಆ ಗುಂಡಿಗಿಂತ ಇದು ಭಾರವಾಗಿತ್ತೇನೋ.

ಕೇಳು. ಬಸ್ಸು ಹೊರಡುತ್ತದೆ. ನೀನು ಎಸೆಯದಿದ್ದರೆ ನೀನು ನಮ್ಮ ಜೊತೆ ಮೈದಾನದ ಮೆಟ್ಟಿಲ ಮೇಲೆ ಕೂರುತ್ತೀ, ನಾವು ಹಾಟ್‌ಡಿಶ್ ತಿಂದು, ಬೇರೆಯವರ ಮಕ್ಕಳು ಎಸೆದದ್ದಕ್ಕೆ ಚಪ್ಪಾಳೆ ತಟ್ಟಿ ಬರುತ್ತೇವೆ. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದೇನೆ, ಇನ್ನೊಂದು ಶನಿವಾರ ನನಗೇನೂ ಹೆಚ್ಚಲ್ಲ. ನನಗೆ ಆಸೆಯಿಲ್ಲ ಎಂದು ಸುಳ್ಳು ಹೇಳಲಾರೆ. ಇದೆ, ತುಂಬಾ ಇದೆ. ಆದರೆ ಆ ಆಸೆಯನ್ನು ನಿನ್ನ ತಲೆಯ ಮೇಲೆ ಇಡಬೇಡ, ನನ್ನ ತಲೆಯಲ್ಲಿ ಬೇಕಾದಷ್ಟು ಜಾಗ ಇದೆ.

ಯಾವ ಮುಖ ಹೊತ್ತು ಹೋಗಲಿ ಎಂದೆಯಲ್ಲ? ನಿನ್ನ ಮುಖವನ್ನೇ ಹೊತ್ತುಕೊಂಡು ಹೋಗು. ಬೇರೆ ಎಲ್ಲಿಂದ ತರುತ್ತೀ? ನಾಲ್ಕನೇ ಸಲ ಬಾಗಿಲವರೆಗೆ ಹೋದಾಗ ತಟ್ಟು.

ನಾನು ವರ್ನಾಗೆ ಏನೂ ಹೇಳಿಲ್ಲ. ಅವಳು ಕಾಗದದ ದಪ್ಪ ನೋಡಿ ಊಹಿಸಿರುತ್ತಾಳೆ.

ಅಪ್ಪ


ಹಾಲ್ಡಾಲ್
೬ ಏಪ್ರಿಲ್

ಮಾನ್ಯ ಡಾಕ್ಟರ್ ಪ್ರೆಂಟಿಸ್ ಅವರಿಗೆ,

ನಾನು ರಾಗ್ನಾ ಟ್ವೈಟ್‌ಳ ತಂದೆ, ಶಾಲೆಯ ಬಸ್ಸು ಓಡಿಸುವವನು. ಅವಳಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ತಿಳಿದರೆ ಮನೆಗೆ ಬಂದಾಗ ಕೊಟ್ಟಿಗೆಯ ಗೋಡೆ ಉಳಿಯುವುದಿಲ್ಲ.

ನಿಮ್ಮಿಂದ ಯಾವ ಉಪಕಾರವನ್ನೂ ಕೇಳಲು ಬರೆಯುತ್ತಿಲ್ಲ. ಅವಳಿಗೆ ಸುಲಭ ಮಾಡಿಕೊಡಿ ಎಂದೂ ಅಲ್ಲ. ಸುಲಭ ಮಾಡಿದರೆ ಅವಳಿಗೆ ಗೊತ್ತಾಗಿಬಿಡುತ್ತದೆ, ಆಮೇಲೆ ನಿಮ್ಮನ್ನು ಗೌರವಿಸುವುದಿಲ್ಲ. ಅವಳು ನಿಮ್ಮ ಬಾಗಿಲವರೆಗೆ ಮೂರು ಸಲ ಬಂದು ಹೋಗಿದ್ದಾಳೆ. ಹೊರಗೆ ಹೆಜ್ಜೆ ಸಪ್ಪಳ ಕೇಳಿಸಿದರೆ ದಯವಿಟ್ಟು ಕೆಮ್ಮಿ. ಒಳಗೆ ಜನ ಇದ್ದಾರೆ ಎಂದು ಗೊತ್ತಾದರೆ ಅವಳು ಬಾಗಿಲು ತಟ್ಟುವ ಹುಡುಗಿ.

ಅವಳು ಹೇಗಿದ್ದಾಳೆ ಎಂದು ಒಂದು ಸಾಲು ಬರೆದರೆ ಉಪಕಾರವಾಗುತ್ತದೆ. ಉಪಕಾರ ಕೇಳುವುದಿಲ್ಲ ಎಂದು ಮೇಲೆ ಬರೆದೆ, ಇದೊಂದನ್ನು ಬಿಟ್ಟು.

ಆರ್ವಿಡ್ ಟ್ವೈಟ್


ವಿಂಟರ್‌ಬೋರ್ನ್ ಕಾಲೇಜು, ಜೀವಶಾಸ್ತ್ರ ವಿಭಾಗ
೧೫ ಏಪ್ರಿಲ್

ಶ್ರೀ ಟ್ವೈಟ್ ಅವರಿಗೆ,

ಈ ದೇಶದ ಕಾನೂನಿನ ಪ್ರಕಾರ ಕಾಲೇಜು ವಿದ್ಯಾರ್ಥಿಯ ಓದಿನ ಯಾವ ವಿಚಾರವನ್ನೂ ಅವರ ಒಪ್ಪಿಗೆಯಿಲ್ಲದೆ ನಾನು ಹೆತ್ತವರಿಗೂ ತಿಳಿಸುವಂತಿಲ್ಲ. ನೀವು ಹೆಸರಿಸಿದ ವ್ಯಕ್ತಿ ನನ್ನ ತರಗತಿಯಲ್ಲಿ ಇದ್ದಾರೆಯೇ ಇಲ್ಲವೇ ಎಂಬುದನ್ನೂ ಹೇಳಲಾರೆ. ಮೂವತ್ತನಾಲ್ಕು ವರ್ಷದಿಂದ ಕಲಿಸುತ್ತಿದ್ದೇನೆ, ಯಾವ ನಿಯಮವನ್ನೂ ಮುರಿದಿಲ್ಲ, ಈಗಲೂ ಮುರಿಯುವುದಿಲ್ಲ.

ಆದ್ದರಿಂದ ಹವಾಮಾನದ ಬಗ್ಗೆ ಬರೆಯುತ್ತೇನೆ. ಇಲ್ಲಿ ಹೋದ ವಾರ ಒಂದು ದಿನ ಮೋಡ ಕವಿದಿತ್ತು. ನನಗೆ ಅಂದು ಕೆಮ್ಮೂ ಇತ್ತು. ಆಮೇಲೆ ಬಿಸಿಲು ಬಂದಿದೆ. ಈಗ ದಿನವೂ ಬೆಳಿಗ್ಗೆ ಆರು ಗಂಟೆಗೆ ನನ್ನ ಲ್ಯಾಬಿನ ಕಿಟಕಿಯಿಂದ ಬಹಳ ಒಳ್ಳೆಯ ಬೆಳಕು ಬೀಳುತ್ತದೆ. ಅಷ್ಟು ಬೇಗ ಎದ್ದು ಅದನ್ನು ನೋಡುವವರು ನಾನೊಬ್ಬಳೇ ಅಲ್ಲ. ಈ ಬೆಳಕು ಹೀಗೇ ಇದ್ದರೆ ಮೇ ತಿಂಗಳ ಬಗ್ಗೆ ನನಗೆ ಚಿಂತೆಯಿಲ್ಲ.

ನೀವು ಮತ್ತೆ ನನಗೆ ಬರೆಯಕೂಡದು.

ಲುಯೆಲಾ ಪ್ರೆಂಟಿಸ್


ವಿಂಟರ್‌ಬೋರ್ನ್
೨೧ ಏಪ್ರಿಲ್

ಪ್ರೀತಿಯ ಅಪ್ಪ,

ಇಷ್ಟು ದಿನ ಬರೆಯದಿದ್ದದ್ದಕ್ಕೆ ಬೈಯಬೇಡ. ಡೀನ್ ಸಹಿ ಬೀಳುವವರೆಗೆ ನಿನಗೆ ಆಸೆ ಹುಟ್ಟಿಸಬಾರದೆಂದು ಕಾದೆ. ಇವತ್ತು ಮಧ್ಯಾಹ್ನ ಬಿತ್ತು. ಹದಿನೈದು ಕ್ರೆಡಿಟ್! ನಾನು ಮತ್ತೆ ತಂಡದಲ್ಲಿದ್ದೇನೆ!

ನಾಲ್ಕನೇ ಸಲ ಹೋದಾಗಲೂ ತಟ್ಟುವ ಧೈರ್ಯ ಇರಲಿಲ್ಲ. ಒಳಗೆ ಅವರು ಕೆಮ್ಮಿದರು. ಎಂಥ ಕೆಮ್ಮು ಅಂತೀಯಾ, ನಾಟಕದಲ್ಲಿ ಕೆಮ್ಮಿದ ಹಾಗೆ. ಗಾಬರಿಯಾಗಿ ಬಾಗಿಲು ತಟ್ಟಿಬಿಟ್ಟೆ. ಅಳುತ್ತಲೇ ಎಲ್ಲ ಹೇಳಿದೆ. ಅವರು ಕರವಸ್ತ್ರ ಕೊಡಲಿಲ್ಲ, ತೋಳಿನ ಮೂಳೆ ಕೊಟ್ಟರು. "ಇದು ಎಡದ್ದೋ ಬಲದ್ದೋ?" ಎಡದ್ದು ಎಂದೆ. "ಹೇಗೆ ಹೇಳ್ತೀಯ?" ಹೇಳಿದೆ. "ನೀನು ಬರದೇ ಇದ್ದ ಲ್ಯಾಬುಗಳು ಹತ್ತು. ಪ್ರತಿಯೊಂದನ್ನೂ ಮಾಡಬೇಕು. ಮಧ್ಯಾಹ್ನ ನಿನ್ನ ಆ ಗುಂಡಿಗೆ ಇರಲಿ. ನಾನು ಬೆಳಿಗ್ಗೆ ಆರಕ್ಕೆ ಇಲ್ಲಿರ್ತೀನಿ. ಆರೂ ಐದಕ್ಕೆ ಬಾಗಿಲು ಹಾಕ್ತೀನಿ."

ಅಪ್ಪ, ಈಗ ನನಗೆ ಅದು ಭಾರವೇ ಅನಿಸುತ್ತಿಲ್ಲ. ಗುಂಡನ್ನು ಕುತ್ತಿಗೆಗೆ ಒತ್ತಿ ಹಿಡಿದಾಗ ಯಾವ ಮೂಳೆಯ ಮೇಲೆ ಕುಳಿತಿದೆ, ಯಾವ ಸ್ನಾಯು ಅದನ್ನು ತಳ್ಳುತ್ತದೆ, ಎಲ್ಲ ಗೊತ್ತಾಗುತ್ತದೆ. ಇಷ್ಟು ದಿನ ಕಣ್ಣು ಮುಚ್ಚಿಕೊಂಡು ಎಸೆಯುತ್ತಿದ್ದೆ ಅನಿಸುತ್ತದೆ.

ಈಗ ಕೆಟ್ಟ ಸುದ್ದಿ. ಕೊನೆಯ ಪ್ರಾಯೋಗಿಕ ಪರೀಕ್ಷೆ ಮೇ ಹದಿನಾಲ್ಕು, ಶನಿವಾರ, ಬೆಳಿಗ್ಗೆ ಒಂಬತ್ತಕ್ಕೆ. ಹೌದು, ಅದೇ ದಿನ. "ಇಡೀ ತರಗತಿಗೆ ಒಂದೇ ದಿನ, ಒಂದೇ ಗಂಟೆ. ಯಾರಿಗೂ ಬದಲಾಯಿಸಲ್ಲ" ಎಂದರು. ಹೊರಗೆ ಆಡಲು ಹೋದಾಗ ಕೋಚ್‌ಗಳೇ ಕಾವಲು ಕೂತು ಪರೀಕ್ಷೆ ಬರೆಸುವುದು ಇಲ್ಲಿ ರೂಢಿ. ಅದನ್ನೂ ಕೇಳಿದೆ. "ಬೆರಳಲ್ಲಿ ಎಣಿಸೋ ಆ ಮನುಷ್ಯನ ಕೈಗೆ ನನ್ನ ಮೂಳೆ ಕೊಡ್ಲಾ?" ಎಂದರು. ಆಮೇಲೆ ತರಗತಿಯನ್ನು ಸಹಾಯಕನಿಗೆ ಒಪ್ಪಿಸಿ ಮೂಳೆ ಪೆಟ್ಟಿಗೆ ಹಿಡಿದು ತಾವೇ ನಮ್ಮ ಜೊತೆ ಬರುತ್ತೇನೆಂದರು! ಕೋಚ್ ಇದನ್ನು ಕೇಳಿ ಟೋಪಿ ತೆಗೆದವರು ಹಾಕಿಕೊಳ್ಳುವುದನ್ನೇ ಮರೆತರು.

ಆದರೆ ಪರೀಕ್ಷೆಗೆ ಜಾಗವೇ ಇಲ್ಲ. ಆಲ್ಡರ್ ಫಾಲ್ಸ್ ಕಾಲೇಜಿನ ಕಟ್ಟಡಗಳಿಗೆ ಶನಿವಾರ ಬೀಗವಂತೆ. ನಾವು ಇಳಿಯುವ ಮೋಟೆಲಿನಲ್ಲಿ ಎಂಟು ಕಾಲೇಜುಗಳ ಗದ್ದಲ. ಇಪ್ಪತ್ನಾಲ್ಕು ಮೂಳೆಗಳನ್ನು ಬೇರೆ ಬೇರೆ ಕಡೆ ಇಡಬೇಕು, ಒಂದೊಂದರ ಮುಂದೆ ಎರಡೇ ನಿಮಿಷ ನಿಂತು ಉತ್ತರ ಬರೆದು ಮುಂದಕ್ಕೆ ಹೋಗಬೇಕು. ನಿಶ್ಶಬ್ದವಾಗಿರಬೇಕು. "ಜಾಗ ಹುಡುಕೋದು ನಿನ್ನ ಜವಾಬ್ದಾರಿ. ಸಿಗದಿದ್ರೆ ಪರೀಕ್ಷೆ ಇಲ್ಲೇ" ಎಂದಿದ್ದಾರೆ. ನಿನಗೆ ಅಲ್ಲಿ ಯಾರಾದರೂ ಗೊತ್ತಾ?

ರಾಗ್ನಾ


ಹಾಲ್ಡಾಲ್
೨೬ ಏಪ್ರಿಲ್

ಮುದ್ದು ರಾಗ್ನಾ,

ಕಾಗದ ಓದಿ ವರ್ನಾಳ ಮುಂದೆಯೇ ಕುಣಿದೆ. ಅವಳು ಠಸ್ಸೆಯನ್ನು ಮೇಜಿನ ಮೇಲೇ ಒತ್ತಿಬಿಟ್ಟಳು.

ನನಗೆ ಅಲ್ಲಿ ಒಬ್ಬ ಗೊತ್ತು. ಅವನ ಹತ್ತಿರ ಒಂದು ಉದ್ದನೆಯ ಕೋಣೆ ಇದೆ. ಎರಡು ಸಾಲು, ಸಾಲಿಗೆ ಇಬ್ಬಿಬ್ಬರು ಕೂರುವ ಹನ್ನೆರಡು ಸೀಟು, ನಡುವೆ ನಡೆಯಲು ದಾರಿ. ಬೆಳಕು ಚೆನ್ನಾಗಿದೆ. ಬಣ್ಣ ಹಳದಿ. ಬಾಗಿಲು ತೆರೆಯುವ ಹಿಡಿಕೆ ಅವನ ಕೈಯಲ್ಲೇ ಇದೆ.

ಒಂಬತ್ತಕ್ಕೆ ಹತ್ತು ನಿಮಿಷ ಮುಂಚೆ ಮೈದಾನದ ಹಿಂದೆ ನಿಲ್ಲಿಸಿರುತ್ತೇನೆ. ನಿಶ್ಶಬ್ದದ ಜವಾಬ್ದಾರಿ ನನ್ನದು ಎಂದು ನಿನ್ನ ಮೇಷ್ಟ್ರಮ್ಮನಿಗೆ ಹೇಳು. ನಾನೇ ಹೇಳುತ್ತಿದ್ದೆ, ಆದರೆ ಅವರಿಗೆ ಬರೆಯಕೂಡದಂತೆ. ಯಾಕೆ ಎಂದು ಕೇಳಬೇಡ.

ಅಪ್ಪ


ವಿಂಟರ್‌ಬೋರ್ನ್‌ಗೆ ಹೋಗುವ ದಾರಿಯಲ್ಲಿ, ತಂಡದ ಬಸ್ಸು
೧೫ ಮೇ, ಭಾನುವಾರ

ಅಪ್ಪ, ಅಪ್ಪ, ಅಪ್ಪ,

ಬಸ್ಸು ಕುಲುಕುತ್ತಿದೆ, ಅಕ್ಷರ ಓದಲಾಗದಿದ್ದರೆ ಕ್ಷಮಿಸು. ನಿನ್ನೆ ಅಷ್ಟು ಜನರ ಮಧ್ಯೆ ಹೇಳಲಾಗದ್ದನ್ನೆಲ್ಲ ಬರೆಯಬೇಕು.

ನಿನ್ನ ಬಸ್ಸಿನೊಳಗೆ ಏನಾಯಿತು ಗೊತ್ತಾ? ಸೀಟಿಗೊಂದು ಮೂಳೆ. ಏಳನೇ ಸೀಟಿನಲ್ಲಿ ತಲೆಬುರುಡೆ ಕಿಟಕಿಯ ಪಕ್ಕ ಕುಳಿತು ಊರು ನೋಡಲು ಹೊರಟ ಹಾಗೆ ಇತ್ತು. ಡಾಕ್ಟರ್ ಪ್ರೆಂಟಿಸ್ ನಿನ್ನ ಸೀಟಿನಲ್ಲಿ ಕುಳಿತು, ಕೋಚ್‌ನಿಂದ ಇಸಿದುಕೊಂಡ ಸೀಟಿಯನ್ನು ಎರಡು ನಿಮಿಷಕ್ಕೊಮ್ಮೆ ಊದುತ್ತಿದ್ದರು. ಒಂದು ಸಲ ಯಾರೂ ನೋಡುತ್ತಿಲ್ಲ ಎಂದುಕೊಂಡು ಸ್ಟೀರಿಂಗ್ ಹಿಡಿದು ಸ್ವಲ್ಪ ತಿರುಗಿಸಿದರು! ಆಮೇಲೆ ನೀನು ಹೊರಗೆ ಪಿಸುಗುಟ್ಟಿದ್ದು. ಅಪ್ಪ, ನಿನ್ನ ಪಿಸುಮಾತು ಪಕ್ಕದ ಜಿಲ್ಲೆಗೆ ಕೇಳಿಸುತ್ತದೆ. "ವರ್ನಾ, ತಲೆ ಕೆರ್ಕೋತಿದಾಳಾ? ಕೆರ್ಕೊಂಡ್ರೆ ಗೊತ್ತಿಲ್ಲ ಅಂತ ಅರ್ಥ!" ನಾನು ಅದೇ ಕ್ಷಣದಲ್ಲಿ ತಲೆ ಕೆರೆದುಕೊಳ್ಳುತ್ತಿದ್ದೆ. ನಗು ತಡೆಯಲಾಗದೆ ಹದಿನೆಂಟನೇ ಸೀಟಿನ ಮಣಿಕಟ್ಟಿನ ಮೂಳೆಯ ಹೆಸರು ತಪ್ಪು ಬರೆದೆ. ಮೇಷ್ಟ್ರಮ್ಮ ಕರವಸ್ತ್ರ ಬಾಯಿಗೆ ಹಿಡಿದಿದ್ದರು. ಆ ಸಲ ಬಂದದ್ದು ಕೆಮ್ಮು ಅಲ್ಲ.

ಎಂಬತ್ತೊಂಬತ್ತು ಬಂತು. ಅಲ್ಲೇ ತಿದ್ದಿ ಕೈಗೆ ಕೊಟ್ಟು, "ಪರವಾಗಿಲ್ಲ. ಈಗ ಆ ಕಬ್ಬಿಣ ಎಸಿ ಹೋಗು, ನಾನೂ ನೋಡ್ತೀನಿ" ಎಂದರು.

ಮೊದಲೆರಡು ಎಸೆತದಲ್ಲಿ ಕಾಲು ಗೆರೆ ದಾಟಿತಲ್ಲ, ಯಾಕೆ ಗೊತ್ತಾ? ತಲೆಯಲ್ಲಿ ಇನ್ನೂ ಮೂಳೆಗಳಿದ್ದವು. ಮೂರನೆಯದೂ ಹೋದರೆ ಮುಗಿಯಿತು, ಮನೆಗೆ ನಡೆ. ನೀನು ಎಲ್ಲಿದ್ದೀ ಎಂದು ನೋಡಬಾರದು ಎಂದುಕೊಂಡೆ, ನೋಡಿದರೆ ಅತ್ತುಬಿಡುತ್ತಿದ್ದೆ. ಮೂರನೆಯದನ್ನು ಹೆದರಿ ಹೆದರಿ, ಗೆರೆಯಿಂದ ಗೇಣುದೂರ ನಿಂತು ಎಸೆದೆ. ನಲವತ್ತೊಂದು ಅಡಿ. ಕೊನೆಯ ಸುತ್ತಿಗೆ ಹೇಗೋ ಸೇರಿಕೊಂಡೆ. ಆಮೇಲಿನ ಮೂರನ್ನು ಹೆದರದೆ ಎಸೆದೆ. ಕೊನೆಯದು ನಲವತ್ತೈದು ಅಡಿ ಎರಡು ಅಂಗುಲ. ಎರಡನೇ ಸ್ಥಾನ. ಮೊದಲನೆಯವಳಿಗಿಂತ ನಾಲ್ಕು ಅಂಗುಲ ಕಡಿಮೆ, ಅವಳಿಗೆ ಆ ಬೆಳಿಗ್ಗೆ ಪರೀಕ್ಷೆ ಇರಲಿಲ್ಲ.

ನಿನಗೆ ಏನನ್ನಿಸಿತು? ಅಲ್ಲಿ ನನ್ನನ್ನು ತಬ್ಬಿಕೊಂಡು ನೀನು ಒಂದು ಮಾತೂ ಆಡಲಿಲ್ಲ. ಬರೆ.

ನಿನ್ನ ಮಗಳು,
ರಾಗ್ನಾ


ಹಾಲ್ಡಾಲ್
೧೮ ಮೇ

ಮುದ್ದು ರಾಗ್ನಾ,

ನೀನು ಬಸ್ಸಿನೊಳಗಿದ್ದೆ, ಹೊರಗಿನದು ನಿನಗೆ ಗೊತ್ತಿಲ್ಲ. ಮೂವತ್ತೊಂದು ಜನ ಹುಲ್ಲಿನ ಮೇಲೆ ನಿಂತು ಐವತ್ತು ನಿಮಿಷ ಬಾಯಿ ಬಿಡಲಿಲ್ಲ, ನನ್ನೊಬ್ಬನನ್ನು ಬಿಟ್ಟು. ಕಾಲೇಜಿನ ಕಾವಲುಗಾರ ಬಂದ. ಕಿಟಕಿಯಲ್ಲಿ ತಲೆಬುರುಡೆ ನೋಡಿದ. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತು. "ಏನ್ರೀ ಇದು?" ಎಂದ. ಹೆನ್ರಿಯೆಟ್ಟಾ ಮುದುಕಿ ಹೊಸ ಟೋಪಿ ಸರಿಮಾಡಿಕೊಂಡು, "ಶೈಕ್ಷಣಿಕ ಪ್ರವಾಸ ಕಣಪ್ಪ, ಗಲಾಟೆ ಮಾಡ್ಬೇಡ" ಎಂದಳು. ಅವನು ಮೆಲ್ಲಗೆ ಹಿಂದೆ ಸರಿದು ಹೋದ. ಹೆಡ್‌ಮಾಸ್ತರರಿಗೆ ವರದಿ ಕೊಡಬೇಕಿತ್ತು. ನಡೆದದ್ದನ್ನೇ ಬರೆದೆ. ಒಂದಕ್ಷರ ಸುಳ್ಳಿರಲಿಲ್ಲ.

ನಿನ್ನ ಮೇಷ್ಟ್ರಮ್ಮ ವರ್ನಾ ಮತ್ತು ಪಾಸ್ಟರ ನಡುವೆ ಕುಳಿತು ಎರಡು ತಟ್ಟೆ ಹಾಟ್‌ಡಿಶ್ ತಿಂದರು. ನೀನು ಎಸೆದಾಗಲೆಲ್ಲ ಬೆರಳು ತೋರಿಸಿ ಯಾವ ಸ್ನಾಯು ಏನು ಮಾಡುತ್ತಿದೆ ಎಂದು ಅವರಿಗೆ ಪಾಠ ಹೇಳಿದರು. ವರ್ನಾ ಈಗ ಚೀಲ ಎತ್ತುವಾಗಲೆಲ್ಲ "ನನ್ನ ಡೆಲ್ಟಾಯ್ಡ್ ಯಾಕೋ ಹಿಡ್ಕೊಂಡಿದೆ" ಎನ್ನುತ್ತಾಳೆ. ಊರಿನಲ್ಲಿ ಇನ್ನು ಯಾರಿಗೂ ಬರೀ ಹೆಗಲು ನೋಯುವುದಿಲ್ಲ.

ಕೊನೆಯ ಎಸೆತಕ್ಕೆ ನಮ್ಮವರು ಎದ್ದು ನಿಂತು ಕೂಗಿದರು. ನಮ್ಮ ಹಾಲ್ಡಾಲ್‌ನವರು! ಚರ್ಚಿನಲ್ಲಿ ಹಾಡುವುದಕ್ಕೂ ನಾಚುವವರು, ಮನೆಗೆ ಬೆಂಕಿ ಬಿದ್ದರೂ "ಸ್ವಲ್ಪ ಸೆಖೆ" ಎನ್ನುವವರು. ಪಾಸ್ಟರು ಕುರ್ಚಿಯ ಮೇಲೆ ಹತ್ತಿದ್ದರು. ಅವರ ಬಾಯಿ ಅಗಲವಾದದ್ದು ಕಾಣಿಸಿತು, ಶಬ್ದ ನನ್ನ ಕಿವಿಗೆ ದೂರದಲ್ಲಿ ಗಾಳಿ ಬೀಸಿದಂತೆ ಕೇಳಿಸಿತು. ಮೈಕಿನವನು ಹೇಳಿದ ಅಂಕಿ ಕೇಳಿಸಲೇ ಇಲ್ಲ. ಎಷ್ಟು, ಎಷ್ಟು ಎಂದು ಎಲ್ಲರನ್ನೂ ಕೇಳಿದೆ, ಎಲ್ಲರೂ ನನ್ನ ಬೆನ್ನಿಗೆ ಗುದ್ದಿದರೇ ಹೊರತು ಯಾರೂ ಹೇಳಲಿಲ್ಲ. ನಿನ್ನ ಕಾಗದ ಬಂದ ಮೇಲೆಯೇ ನನಗೆ ಗೊತ್ತಾದದ್ದು, ನಲವತ್ತೈದು ಅಡಿ ಎರಡು ಅಂಗುಲ ಎಂದು.

ಏನನ್ನಿಸಿತು ಎಂದು ಕೇಳಿದೆ. ಹೇಳುತ್ತೇನೆ. ನೀನು ಎಸೆಯುವ ದಿಕ್ಕಿಗೆ ಬೆನ್ನು ಮಾಡಿ ನಿಂತೆ. ಗುಂಡನ್ನು ಎತ್ತಿ ದವಡೆಯ ಕೆಳಗೆ ಇಟ್ಟುಕೊಂಡೆ, ಮಗುವಿಗೆ ಜೋಗುಳ ಹೇಳುವವರ ಹಾಗೆ ತಲೆ ವಾಲಿಸಿ. ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟೆ. ಬಗ್ಗಿದೆ. ಆಮೇಲೆ ಎಲ್ಲವೂ ಒಟ್ಟಿಗೆ ಎದ್ದಿತು, ಕಾಲು, ಸೊಂಟ, ಭುಜ, ಕೈ, ಕೊನೆಗೆ ನಿನ್ನ ಗಲ್ಲ ಮೇಲಕ್ಕೆ. ಗುಂಡು ಎಲ್ಲಿ ಬಿತ್ತು ಎಂದು ನಾನು ನೋಡಲಿಲ್ಲ ಮಗಳೇ. ಎಲ್ಲರೂ ಗುಂಡನ್ನು ನೋಡುತ್ತಿದ್ದರು, ನಾನು ನಿನ್ನನ್ನು ನೋಡುತ್ತಿದ್ದೆ. ಅದು ಇನ್ನೂ ಗಾಳಿಯಲ್ಲಿರುವಾಗಲೇ ನೀನು ನಕ್ಕೆ.

ಅದಕ್ಕೇ ಮಾತು ಬರಲಿಲ್ಲ. ಈಗಲೂ ಅಷ್ಟೇನೂ ಬರುತ್ತಿಲ್ಲ.

ಮುಂದಿನ ವರ್ಷದ ಕೂಟ ದೂರ, ನನಗೆ ಬರಲಾಗುವುದಿಲ್ಲ. ಬೇಸರವಿಲ್ಲ. ಎಷ್ಟು ಅಡಿ, ಎಷ್ಟು ಅಂಗುಲ ಎಂದಷ್ಟೇ ಬರೆ, ಸಾಕು. ಹೇಗೆ ಎಸೆದೆ ಎಂಬುದು ಇನ್ನು ನನಗೆ ಗೊತ್ತು.

ನಿನ್ನ ಅಪ್ಪ,
ಆರ್ವಿಡ್